ರಾಜ್ಯಶಾಸ್ತ್ರ, ಕಾನೂನು ಎರಡನ್ನೂ ಒಟ್ಟಿಗೆ ಓದುವುದು ಒಳ್ಳೆಯದೇ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನವಳು. ಕಲಾ ವಿಭಾಗದಲ್ಲಿ, ಕನ್ನಡ ಮಾಧ್ಯಮದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ರಾಜ್ಯಶಾಸ್ತ್ರ ನನ್ನ ಇಷ್ಟದ ವಿಷಯ. ವಕೀಲಳಾಗುವ ಆಸೆಯೂ ಇದೆ. ಐದು ವರ್ಷದ ಬಿ.ಎ., ಎಲ್‌ಎಲ್‌.ಬಿ. ಸೇರಲು ಉಪನ್ಯಾಸಕರು ಹೇಳುತ್ತಿದ್ದಾರೆ. ಮೊದಲು ಬಿ.ಎ. ಮುಗಿಸು, ಕಾನೂನಿನ ಮಾತು ಆಮೇಲೆ ಎನ್ನುತ್ತಾರೆ ಅಪ್ಪ. ಯಾವುದು ಸರಿ? ಇಂಗ್ಲಿಷ್ ಚೆನ್ನಾಗಿ ಬಾರದಿರುವುದು ತೊಡಕಾಗುತ್ತದೆಯೇ?

ಉತ್ತರ: ವಕೀಲಿಕೆಯ ಆಸೆ ಗಟ್ಟಿಯಾಗಿದ್ದರೆ ಐದು ವರ್ಷದ ಕೋರ್ಸನ್ನೇ ಆರಿಸಿಕೊಳ್ಳಿ, ಅದು ಇನ್ನೂ ಅರೆಮನಸ್ಸಿನದಾಗಿದ್ದರೆ ನಿಮ್ಮ ತಂದೆಯವರ ಮಾತೇ ಕ್ಷೇಮ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಈ ಸಂಯೋಜಿತ ಕೋರ್ಸಿಗೆ ನಡುವೆ ಸೇರುವಂತೆಯೂ ಇಲ್ಲ, ನಡುವೆ ಒಂದು ಪದವಿ ಪಡೆದು ಹೊರಬರುವಂತೆಯೂ ಇಲ್ಲ. ಮೂರು ವರ್ಷ ಓದಿದ ಮೇಲೆ ಕಾನೂನು ಸಾಕೆನಿಸಿದರೆ ಬಿ.ಎ. ಕೂಡ ಕೈಗೆ ಸಿಗುವುದಿಲ್ಲ. ಬಿ.ಎ. ಮೂರು, ಎಲ್‌ಎಲ್‌.ಬಿ. ಮೂರು ಸೇರಿ ಆರು ವರ್ಷವಾಗುವ ಓದು ಐದರಲ್ಲೇ ಮುಗಿಯುತ್ತದೆ ಎಂಬುದು ನಿಜವಾದರೂ ಆ ಒಂದು ವರ್ಷದ ಉಳಿತಾಯಕ್ಕಾಗಿಯೇ ಇದನ್ನು ಸೇರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸೇರಬೇಕಾದ ಕಾರಣ ಬೇರೆಯೇ ಇದೆ. ಈ ಎರಡು ವಿಷಯಗಳು ಒಂದೇ ಸಂಗತಿಯನ್ನು ಹಿಡಿದು ಬೇರೆ ಬೇರೆ ಪ್ರಶ್ನೆ ಕೇಳುತ್ತವೆ. ನಿಮ್ಮ ಜಿಲ್ಲೆಗೇ ಸಂಬಂಧಿಸಿದ 371ಜೆ ವಿಧಿಯನ್ನು ನೋಡಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿ, ಕಲ್ಯಾಣ ಕರ್ನಾಟಕ (ಹಿಂದಿನ ಹೈದರಾಬಾದ್ ಕರ್ನಾಟಕ) ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಹುಟ್ಟಿನಿಂದ ಅಥವಾ ವಾಸದಿಂದ ಇಲ್ಲಿಯವರಾದವರಿಗೆ ಸೀಟುಗಳನ್ನು ಮೀಸಲಿಡಲು ಅವಕಾಶ ಕೊಟ್ಟಿದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು, ಕೊಪ್ಪಳಗಳ ಜೊತೆಗೆ, ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರಲ್ಲೇ ಮೈಸೂರು ರಾಜ್ಯಕ್ಕೆ ಸೇರಿದ ಬಳ್ಳಾರಿಯೂ ಇದರ ವ್ಯಾಪ್ತಿಗೆ ಬಂದದ್ದು ಹೇಗೆ, ಪಕ್ಕದ ಆಂಧ್ರಕ್ಕೆ 1973ರಲ್ಲೇ ಇಂಥದೇ ವಿಶೇಷ ವಿಧಿಯಾದ 371ಡಿ ದೊರೆತಿದ್ದರೂ ಈ ಭಾಗ ದಶಕಗಳ ಕಾಲ ಕಾಯಬೇಕಾಗಿ ಬಂದದ್ದು ಏಕೆ, ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿಯ 2002ರ ವರದಿ ಈ ಬೇಡಿಕೆಗೆ ಯಾವ ಬಲ ತಂದಿತು ಎಂಬುದು ರಾಜ್ಯಶಾಸ್ತ್ರದ ವಿಚಾರ. ಸ್ಥಳೀಯ ವ್ಯಕ್ತಿ ಎಂದರೆ ಯಾರು, ಸ್ಥಳೀಯರೆಂಬ ಪ್ರಮಾಣಪತ್ರವನ್ನು ನಿರಾಕರಿಸಿದರೆ ಪರಿಹಾರ ಎಲ್ಲಿ, ಸಮಾನತೆಯ ಹಕ್ಕಿಗೂ ಇಂಥ ವಿಶೇಷ ವಿಧಿಗೂ ಹೊಂದಾಣಿಕೆ ಹೇಗೆ ಎಂಬುದು ಕಾನೂನಿನ ವಿಚಾರ. ಎರಡನೆಯದನ್ನು ಮಾತ್ರ ಓದಿದವರು ಆದೇಶದ ಅಕ್ಷರವನ್ನು ಬಲ್ಲರು, ಅದರ ಉದ್ದೇಶವನ್ನು ವಾದಿಸಲಾರರು. ಮೊದಲನೆಯದನ್ನು ಮಾತ್ರ ಓದಿದವರು ಅನ್ಯಾಯವನ್ನು ಗುರುತಿಸಬಲ್ಲರು, ಅದನ್ನು ಅರ್ಜಿಯ ರೂಪಕ್ಕೆ ತರಲಾರರು. ಎಸ್‌.ಆರ್‌. ಬೊಮ್ಮಾಯಿ ಸರ್ಕಾರದ 1989ರ ವಜಾ ಮತ್ತು ಅದರ ಬಗ್ಗೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಕೊಟ್ಟ ತೀರ್ಪನ್ನು ಕೂಡ ಹೀಗೆ ಎರಡೂ ಕಡೆಯಿಂದ ಓದಿದಾಗಲೇ, ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲೇ ಆಗಬೇಕೆಂಬ ನಿಲುವಿನ ತೂಕ ತಿಳಿಯುತ್ತದೆ.

ಆದರೆ ಎಲ್ಲ ಕಾಲೇಜುಗಳಲ್ಲೂ ರಾಜ್ಯಶಾಸ್ತ್ರಕ್ಕೆ ಒಂದೇ ಪ್ರಾಶಸ್ತ್ಯವಿರುವುದಿಲ್ಲ. ಕೆಲವೆಡೆ ಅದು ಮುಖ್ಯ ವಿಷಯವಾಗಿರುತ್ತದೆ, ಕೆಲವೆಡೆ ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳ ಜೊತೆಗೆ ಒಂದೆರಡು ಪತ್ರಿಕೆಗಳಿಗೆ ಸೀಮಿತವಾಗಿರುತ್ತದೆ. ಶುಲ್ಕ ಕಟ್ಟುವ ಮೊದಲು ಹತ್ತೂ ಸೆಮಿಸ್ಟರ್‌ಗಳ ಪಠ್ಯಕ್ರಮವನ್ನು ಕೇಳಿ ಪಡೆಯಿರಿ. ಕಾಲೇಜಿಗೆ ವಕೀಲರ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45, ಹಿಂದುಳಿದ ವರ್ಗದವರಿಗೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕಗಳು ಅಗತ್ಯ.

ಇಂಗ್ಲಿಷಿನ ಅಂಜಿಕೆಯಿಂದ ಹಿಂದೆ ಸರಿಯಬೇಡಿ. ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಕಕ್ಷಿದಾರರ, ಸಾಕ್ಷಿಗಳ ಮಾತು ಕನ್ನಡವೇ. ಅವರ ಮಾತಿನ ಧಾಟಿಯನ್ನು ಬಲ್ಲ ವಕೀಲರ ಪಾಟೀಸವಾಲಿಗೆ ಬೇರೆಯೇ ಬಲವಿರುತ್ತದೆ. ಆದರೂ ಹೈಕೋರ್ಟಿನ ಕಲಾಪಕ್ಕೆ, ತೀರ್ಪುಗಳ ಓದಿಗೆ ಇಂಗ್ಲಿಷ್ ಬೇಕೇ ಬೇಕು. ಮೊದಲ ವರ್ಷದಿಂದಲೇ ವಾರಕ್ಕೊಂದು ತೀರ್ಪನ್ನು ಇಂಗ್ಲಿಷಿನಲ್ಲಿ ಓದಿ, ಅದರ ಸಾರವನ್ನು ಕನ್ನಡದಲ್ಲಿ ಬರೆಯುವ ರೂಢಿ ಮಾಡಿಕೊಂಡರೆ ಐದು ವರ್ಷ ಧಾರಾಳವಾಗಿ ಸಾಕು. ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಮಾತ್ರ ಇಂಗ್ಲಿಷಿನಲ್ಲಷ್ಟೇ ನಡೆಯುತ್ತದೆ.

ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿರುವುದರಿಂದ ಆ ಗುರಿಯಿದ್ದರೆ ಈ ಅವಧಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮನಸ್ಸು ಆಡಳಿತ ಸೇವೆಯತ್ತ ತಿರುಗಿದರೂ ನಷ್ಟವಿಲ್ಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕಾನೂನೂ ಇದೆ, ರಾಜ್ಯಶಾಸ್ತ್ರವೂ ಇದೆ.

ಐದು ವರ್ಷಗಳಲ್ಲಿ ಕನಿಷ್ಠ 20 ವಾರಗಳ ಇಂಟರ್ನ್‌ಷಿಪ್ ಕಡ್ಡಾಯ. ಅದರಲ್ಲಿ ಸ್ವಲ್ಪವನ್ನಾದರೂ ನಿಮ್ಮೂರಿನ ನ್ಯಾಯಾಲಯದ ಹಿರಿಯ ವಕೀಲರೊಬ್ಬರ ಬಳಿ ಕಳೆಯಿರಿ, ಮುಂದೆ ಕಲಬುರಗಿಯ ಹೈಕೋರ್ಟ್ ಪೀಠಕ್ಕೂ ಹೋಗಿ. ರಾಯಚೂರು ಜಿಲ್ಲೆಯ ಪ್ರಕರಣಗಳು ಮೇಲಕ್ಕೆ ಹೋಗುವುದು ಅಲ್ಲಿಗೇ. ಸಾಧ್ಯವಾದರೆ ಸೇರುವ ಮೊದಲೇ ಈ ರಜೆಯಲ್ಲಿ ಕೆಲವು ದಿನ ಸಿಂಧನೂರಿನ ನ್ಯಾಯಾಲಯದಲ್ಲಿ ಕಲಾಪ ನೋಡಿ ಬನ್ನಿ, ತಂದೆಯವರನ್ನೂ ಕರೆದುಕೊಂಡು ಹೋಗಿ. ನಿಮ್ಮ ಆಸೆ ಎಷ್ಟು ಗಟ್ಟಿ ಎಂಬುದು ಅಲ್ಲಿ ನಿಮಗೂ ಅವರಿಗೂ ತಿಳಿಯುತ್ತದೆ.