ಡ್ಯಾಶ್‌ಕ್ಯಾಮ್ ತನ್ನಿ, ಆದರೆ ಮೊದಲು ಬಲಗಡೆ ನೋಡೋದು ಕಲಿಯಿರಿ

ನಮಸ್ಕಾರ. ಮುಂದಿನ ತಿಂಗಳು ಮ್ಯೂನಿಕ್‌ಗೆ ಬರುತ್ತಿದ್ದೀರಿ, ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಕಾರ್ ಓಡಿಸಿದ್ದೀರಿ, ಅಲ್ಲಿನ ಡ್ಯಾಶ್‌ಕ್ಯಾಮ್ (ಕಾರಿನಲ್ಲಿಟ್ಟು ಮುಂದಿನ ರಸ್ತೆ ರೆಕಾರ್ಡ್ ಮಾಡುವ ಕ್ಯಾಮೆರಾ) ಜೊತೆಗೇ ತರಬಹುದಾ, ಜರ್ಮನಿಯಲ್ಲಿ ಡ್ರೈವಿಂಗ್ ಹೇಗೆ ಅಂತ ಕೇಳಿದ್ದೀರಿ. ಕೊನೆಗೆ 'ಅಲ್ಲಿ ಎಲ್ಲರೂ ರೂಲ್ಸ್ ಪ್ರಕಾರ ಓಡಿಸುತ್ತಾರಲ್ಲ, ನಮಗೇನು ಭಯ' ಅಂತಲೂ ಬರೆದಿದ್ದೀರಿ. ಆ ಮಾತು ಓದಿಯೇ ಇಷ್ಟುದ್ದ ಉತ್ತರ ಬರೆಯಲು ಕೂತೆ. ನಾನು ಹಾಸನದವನು, ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯಿತು. ಎಲ್ಲರೂ ರೂಲ್ಸ್ ಪಾಲಿಸುವ ಊರಿನಲ್ಲೇ ನಮ್ಮಂಥವರಿಗೆ ಜಾಸ್ತಿ ಎಚ್ಚರ ಬೇಕು.

ಮೊದಲು ಕ್ಯಾಮೆರಾ ವಿಷಯ. ತನ್ನಿ, ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ಬೆಂಗಳೂರಿನಲ್ಲಿ ಹಾಕಿದ ಹಾಗೆ ಮನೆ ಬಿಟ್ಟಾಗಿನಿಂದ ಆಫೀಸ್‌ವರೆಗೆ ಎಲ್ಲವನ್ನೂ ರೆಕಾರ್ಡ್ ಮಾಡಿ ಕಾರ್ಡ್ ತುಂಬಿಸಿಡುವ ಹಾಗಿಲ್ಲ. ರಸ್ತೆಯಲ್ಲಿ ಹೋಗುವವರ ಮುಖ, ಕಾರಿನ ನಂಬರ್ ಎಲ್ಲ ಇಲ್ಲಿ ಅವರವರ ಖಾಸಗಿ ವಿಷಯ. ಸುಮ್ನೆ ಸದಾ ಚಿತ್ರೀಕರಿಸುವುದು ತಪ್ಪು. ಹಾಗಾದರೆ ಅಪಘಾತವಾದಾಗ ವಿಡಿಯೋ ಕೆಲಸಕ್ಕೇ ಬರುವುದಿಲ್ಲವಾ? ಬರುತ್ತದೆ. ಮಾಗ್ಡೆಬುರ್ಗ್ ಊರಿನಲ್ಲಿ ಅಕ್ಕಪಕ್ಕದ ಎರಡು ಲೇನ್‌ಗಳಿಂದ ಎಡಕ್ಕೆ ತಿರುಗುತ್ತಿದ್ದ ಎರಡು ಕಾರು ಒಂದಕ್ಕೊಂದು ಉಜ್ಜಿಕೊಂಡವು. ಯಾರು ಲೇನ್ ಬಿಟ್ಟರು ಅನ್ನುವುದೇ ಜಗಳ. ಕೇಸು ಮೇಲೆ ಹತ್ತಿ ಹತ್ತಿ ಕಾರ್ಲ್ಸ್‌ರೂಹೆಯ ಫೆಡರಲ್ ಕೋರ್ಟ್‌ವರೆಗೆ ಹೋಯಿತು. 2018ರ ಮೇ 15ರಂದು ಅಲ್ಲಿ ತೀರ್ಪು ಬಂತು. ಸದಾ ರೆಕಾರ್ಡ್ ಮಾಡಿದ್ದು ಕಾನೂನಿಗೆ ವಿರುದ್ಧವೇ, ಆದರೂ ಅಪಘಾತದ ಸಿವಿಲ್ ಕೇಸಿನಲ್ಲಿ ಆ ವಿಡಿಯೋವನ್ನು ಸಾಕ್ಷಿಯಾಗಿ ನೋಡಬಹುದು ಅಂತ. ಆದ್ದರಿಂದ ಲೂಪ್ ರೆಕಾರ್ಡಿಂಗ್ ಇರುವ ಕ್ಯಾಮೆರಾ ಇಟ್ಟುಕೊಳ್ಳಿ. ಹಳೆಯದು ತಾನಾಗೇ ಅಳಿಸಿಹೋಗುತ್ತಿರಬೇಕು, ಡಿಕ್ಕಿಯೋ ಗಟ್ಟಿ ಬ್ರೇಕೋ ಆದಾಗ ಮಾತ್ರ ಆ ತುಣುಕು ಉಳಿಯಬೇಕು. ಬೇರೆಯವರ ಮುಖ, ನಂಬರ್ ಕಾಣುವ ವಿಡಿಯೋ ಎಲ್ಲೂ ಹಾಕಬೇಡಿ. ಬೆಂಗಳೂರಿನಲ್ಲಿ ಟ್ರಾಫಿಕ್ ಪೊಲೀಸರ ಪಬ್ಲಿಕ್ ಐ ಆ್ಯಪ್‌ಗೆ ಫೋಟೋ ಕಳಿಸಿ ಅಭ್ಯಾಸ ಇದ್ದರೆ, ಆ ಉತ್ಸಾಹದಲ್ಲಿ ಇಲ್ಲೂ ದಿನಾ ರೆಕಾರ್ಡ್ ಮಾಡಿ ಕಂಡವರ ಮೇಲೆಲ್ಲ ದೂರು ಕೊಡಲು ಹೋಗಬೇಡಿ, ಕೇಸು ನಿಮ್ಮ ಕಡೆಗೇ ತಿರುಗಬಹುದು.

ಇದು ದೇಶ ದೇಶಕ್ಕೂ ಬೇರೆ. ಇಲ್ಲಿಂದ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಹತ್ತಿರ, ಒಂದಲ್ಲ ಒಂದು ವೀಕೆಂಡ್ ಹೋಗೇ ಹೋಗುತ್ತೀರಿ. ಆಸ್ಟ್ರಿಯಾದಲ್ಲಿ ಡ್ಯಾಶ್‌ಕ್ಯಾಮ್ ಬಗ್ಗೆ ಜರ್ಮನಿಗಿಂತ ಬಿಗಿ, ದಂಡ ಬೀಳಬಹುದು. ಗಡಿ ದಾಟುವ ಮುಂಚೆ ಬಿಚ್ಚಿ ಡ್ಯಾಶ್‌ಬೋರ್ಡ್ ಒಳಗೆ ಇಟ್ಟುಬಿಡಿ. ಬ್ರಿಟನ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ವೇಲ್ಸ್ ಪೊಲೀಸರು 'ಆಪರೇಷನ್ ಸ್ನ್ಯಾಪ್' ಅಂತಲೇ ಹೆಸರಿಟ್ಟು ಜನರಿಂದ ಡ್ಯಾಶ್‌ಕ್ಯಾಮ್ ವಿಡಿಯೋ ತರಿಸಿಕೊಂಡು ದಂಡ ಹಾಕುತ್ತಾರೆ. ರಷ್ಯಾದಲ್ಲಂತೂ ಬೇಕಂತಲೇ ಕಾರಿಗೆ ಬಂದು ಬಿದ್ದು ದುಡ್ಡು ಕೀಳುವವರ ಕಾಟಕ್ಕೆ ಎಷ್ಟೊಂದು ಕಾರುಗಳಲ್ಲಿ ಕ್ಯಾಮೆರಾ ಇತ್ತು ಅಂದರೆ, 2013ರ ಫೆಬ್ರವರಿಯಲ್ಲಿ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದಾಗ ಲೋಕವೆಲ್ಲ ಅದನ್ನು ನೋಡಿದ್ದು ಹೆಚ್ಚಾಗಿ ಆ ಕಾರುಗಳ ಕಣ್ಣಿನಿಂದಲೇ.

ಈಗ ನಾನು ಹೇಳಬೇಕು ಅಂದುಕೊಂಡಿದ್ದ ವಿಷಯ.

ಬೆಂಗಳೂರಿನಲ್ಲಿ ನಮ್ಮ ತಲೆಯಲ್ಲಿ ಮೇನ್ ಮತ್ತು ಕ್ರಾಸ್ ಅಂತ ಕೂತುಬಿಟ್ಟಿದೆ. ಮೇನ್‌ನಲ್ಲಿ ನೇರ ಹೋಗುವವನು ರಾಜ, ಕ್ರಾಸ್‌ನಿಂದ ಬರುವವನು ಮೂತಿ ಹೊರಗೆ ಹಾಕಿ, ಎರಡು ಹಾರ್ನ್ ಹೊಡೆದು, ಸಂದಿ ಸಿಕ್ಕಾಗ ನುಗ್ಗಬೇಕು, ಅಲ್ವಾ? ಇಲ್ಲಿ ಮನೆಗಳಿರುವ ಏರಿಯಾಗಳಲ್ಲಿ 30ರ ವಲಯ ಅಂತ ಇರುತ್ತದೆ. ಅಂದರೆ ಗಂಟೆಗೆ 30 ಕಿಲೋಮೀಟರ್ ಮಿತಿ. ಅಲ್ಲಿ ಸಾಮಾನ್ಯವಾಗಿ ಮೇನೂ ಇಲ್ಲ, ಕ್ರಾಸೂ ಇಲ್ಲ. ಬೋರ್ಡ್ ಬೇರೆ ಹೇಳದಿದ್ದರೆ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಇದನ್ನು 'ರೆಖ್ಟ್ಸ್ ಫೋರ್ ಲಿಂಕ್ಸ್' ಅನ್ನುತ್ತಾರೆ, ಎಡಕ್ಕಿಂತ ಬಲ ಮೊದಲು ಅಂತ ಅರ್ಥ. ನಿಮ್ಮ ರಸ್ತೆ ಎಷ್ಟೇ ಅಗಲ ಇರಲಿ, ಆ ಗಲ್ಲಿ ಎಷ್ಟೇ ಸಣ್ಣದಿರಲಿ, ಬಲಕ್ಕೆ ಕಾರು ಕಂಡರೆ ನಿಲ್ಲಬೇಕು. ನಮ್ಮ 1989ರ ರಸ್ತೆ ನಿಯಮಗಳಲ್ಲೂ, ಯಾವುದೂ ಮೇನ್ ರೋಡ್ ಅಲ್ಲದ ಕಡೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಿ ಅಂತಲೇ ಬರೆದಿತ್ತು. ಹಾಸನದ ಡ್ರೈವಿಂಗ್ ಸ್ಕೂಲಿನಲ್ಲಿ ನನಗೆ ಅದನ್ನು ಯಾರೂ ಹೇಳಿಕೊಡಲಿಲ್ಲ.

2016ರ ನವೆಂಬರ್, ಶನಿವಾರ ಬೆಳಿಗ್ಗೆ. ಇಲ್ಲಿನ ಲೈಸೆನ್ಸ್ ಪರೀಕ್ಷೆ ಪಾಸಾಗಿ ವರ್ಷ ಕಳೆದಿತ್ತು. ನಿಯಮ ಬಾಯಿಪಾಠ ಬರುತ್ತಿತ್ತು, ಕಾಲಿಗೆ ಬಂದಿರಲಿಲ್ಲ. ಮನೆ ಹತ್ತಿರದ ರಸ್ತೆ, ಎರಡೂ ಕಡೆ ನಿಲ್ಲಿಸಿದ ಕಾರುಗಳು, ಬಲಕ್ಕೆ ಎದೆಯೆತ್ತರದ ಗಿಡದ ಬೇಲಿ. ಬೇಲಿ ಮುಗಿದ ಕಡೆ ಒಂದು ಸಣ್ಣ ಗಲ್ಲಿ. ಅಲ್ಲಿಂದ ಒಂದು ಹಳೆಯ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು ಬಂತು. ನಿಲ್ಲಲಿಲ್ಲ, ನಿಧಾನವೂ ಮಾಡಲಿಲ್ಲ. ನಾನು ಬ್ರೇಕ್ ಬದಲು ಹಾರ್ನ್ ಒತ್ತಿದೆ. ನನ್ನ ಕಾರಿನ ಮೂತಿ ಅದರ ಎಡಬಾಗಿಲಿಗೆ, ಡ್ರೈವರ್ ಕಡೆಗೇ, ಹೋಗಿ ಹೊಡೆಯಿತು. ಒಳಗಿದ್ದವರು ಎಪ್ಪತ್ತು ದಾಟಿದ ಅಜ್ಜಿ. ಪೆಟ್ಟಾಗಿರಲಿಲ್ಲ. ಆದರೆ ಕೈ ನಡುಗುತ್ತಿತ್ತು, ಬೇಕರಿಯಿಂದ ತಂದ ಬನ್ನುಗಳು ಪಕ್ಕದ ಸೀಟಿನ ಕೆಳಗೆಲ್ಲ ಉರುಳಿದ್ದವು. ಅವರು ನನ್ನನ್ನು ಬೈಯಲಿಲ್ಲ. 'ನೀವು ನಿಲ್ಲುತ್ತೀರಿ ಅಂದುಕೊಂಡೆ' ಅಂದರು, ಅಷ್ಟೇ.

ನನಗೆ ಒಳಗೊಳಗೇ ಧೈರ್ಯ, ಡ್ಯಾಶ್‌ಕ್ಯಾಮ್ ಇದೆಯಲ್ಲ, ಅವರು ನೋಡದೆ ನುಗ್ಗಿದ್ದು ಅದರಲ್ಲಿ ಬಂದಿರುತ್ತದೆ ಅಂತ. ಪೊಲೀಸ್ ಬಂದವರು ಒಂದೇ ಪ್ರಶ್ನೆ ಕೇಳಿದರು: ನಿಮ್ಮ ರಸ್ತೆಗೆ ಹಳದಿ ವಜ್ರಾಕಾರದ ಬೋರ್ಡ್ ಇತ್ತಾ? ಆ ಬೋರ್ಡ್ ಇದ್ದರೆ ಆ ರಸ್ತೆಗೆ ಮೊದಲ ಹಕ್ಕು. ಇರಲಿಲ್ಲ. ರಾತ್ರಿ ಹೆಂಡತಿ ಜೊತೆ ಕೂತು ವಿಡಿಯೋ ನೋಡಿದೆ. ಹದಿನಾಲ್ಕು ಸೆಕೆಂಡ್. ಬೇಲಿ ಮುಗಿಯುತ್ತದೆ, ಗಲ್ಲಿ ಕಾಣುತ್ತದೆ, ನನ್ನ ಕಾರು ಒಂದಿಷ್ಟೂ ನಿಧಾನವಾಗುವುದಿಲ್ಲ. ಕಾರಿನೊಳಗೆ ಕೂತಿದ್ದಾಗ 'ನುಗ್ಗಿ ಬಂದರು' ಅನ್ನಿಸಿದ ಗಾಲ್ಫ್, ವಿಡಿಯೋದಲ್ಲಿ ಮಾಮೂಲಿಯಾಗಿ, ತನ್ನ ದಾರಿಯಲ್ಲಿ ತಾನು ಬರುತ್ತಿತ್ತು. ನುಗ್ಗಿದ್ದು ನಾನು. ಆ ಕ್ಯಾಮೆರಾ ಸುಳ್ಳು ಹೇಳಲಿಲ್ಲ.

ಆ ಅಜ್ಜಿ ಯಾಕೆ ನಿಲ್ಲಲಿಲ್ಲ ಅಂದರೆ, ನಾನು ನಿಲ್ಲುತ್ತೇನೆ ಅಂತ ನಂಬಿದ್ದರು. ಬೆಂಗಳೂರಿನಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ, ಎದುರಿನವನು ಏನು ಬೇಕಾದರೂ ಮಾಡಬಹುದು ಅಂತಲೇ ಓಡಿಸುತ್ತೇವೆ, ಆ ಅಪನಂಬಿಕೆಯೇ ಎಷ್ಟೋ ಸಲ ನಮ್ಮನ್ನು ಉಳಿಸುತ್ತದೆ. ಇಲ್ಲಿ ಎದುರಿನವರು ನಿಮ್ಮ ಭರವಸೆ ಮೇಲೆ ಬರುತ್ತಿರುತ್ತಾರೆ. ನೀವು ಒಂದು ನಿಯಮ ಮರೆತರೆ ಅವರಿಗೆ ತಪ್ಪಿಸಿಕೊಳ್ಳಲು ಟೈಮೇ ಸಿಗುವುದಿಲ್ಲ. ಬಲಕ್ಕೆ ತಿರುಗುವಾಗಲೂ ಹೀಗೇ. ಮ್ಯೂನಿಕ್‌ನಲ್ಲಿ ನಿಮ್ಮ ಬಲಗಡೆ ಸೈಕಲ್ ದಾರಿ ಇರುತ್ತದೆ, ನೇರ ಹೋಗುವ ಸೈಕಲ್‌ಗೆ ಮೊದಲ ಹಕ್ಕು. ಅವರು ನಿಮ್ಮ ಕಡೆ ತಿರುಗಿಯೂ ನೋಡದೆ ವೇಗವಾಗಿ ಬರುತ್ತಾರೆ. ಕನ್ನಡಿ ಸಾಲದು, ಕತ್ತು ತಿರುಗಿಸಿ ಭುಜದ ಮೇಲಿಂದ ನೋಡಲೇಬೇಕು. ಲೈಸೆನ್ಸ್ ಪರೀಕ್ಷೆಯಲ್ಲೂ ಇದನ್ನು ಗಮನಿಸುತ್ತಾರೆ.

ಇನ್ನೊಂದು ಮುಖ್ಯ. ನಮ್ಮಲ್ಲಿ ಹೆಡ್‌ಲೈಟ್ ಮಿನುಗಿಸಿದರೆ 'ನಾನು ಬರ್ತಿದ್ದೀನಿ, ನಿಲ್ಲು' ಅಂತ. ಇಲ್ಲಿ ಜಂಕ್ಷನ್‌ನಲ್ಲಿ ಎದುರಿನವರು ಲೈಟ್ ಮಿನುಗಿಸಿದರೆ ಬಹುತೇಕ 'ನೀವು ಮೊದಲು ಹೋಗಿ' ಅಂತ. ನೀವು ಊರಿನ ಅಭ್ಯಾಸದಲ್ಲಿ ಮಿನುಗಿಸಿ ಮುಂದೆ ಹೋದರೆ ಅವರೂ ಮುಂದೆ ಬರುತ್ತಾರೆ. ಹಾಗಾಗಿ ನೀವಾಗಿ ಮಿನುಗಿಸಬೇಡಿ.

ಆಟೋಬಾನ್, ಅಂದರೆ ಇಲ್ಲಿನ ಎಕ್ಸ್‌ಪ್ರೆಸ್‌ವೇ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಿತಿ ಇಲ್ಲದ ಕಡೆಗೂ 130 ಅಂತ ಸಲಹೆಯ ವೇಗ ಇದೆ. ಅದನ್ನು ದಾಟಿ ಹೋಗಿ ಅಪಘಾತವಾದರೆ, ತಪ್ಪು ಬೇರೆಯವರದ್ದಾದರೂ ನಷ್ಟದ ಒಂದು ಪಾಲು ನಿಮ್ಮ ತಲೆಗೆ ಬರಬಹುದು. ಎಡ ಲೇನ್ ಓವರ್‌ಟೇಕ್‌ಗೆ ಮಾತ್ರ, ಬಲದಿಂದ ಓವರ್‌ಟೇಕ್ ಮಾಡುವ ಹಾಗಿಲ್ಲ. ಮುಂದಿನ ಕಾರಿಗೂ ನಿಮಗೂ ಸ್ಪೀಡೋಮೀಟರ್‌ನ ಅರ್ಧದಷ್ಟು ಮೀಟರ್ ಅಂತರ, 130ಕ್ಕೆ 65. ಟ್ರಾಫಿಕ್ ನಿಧಾನವಾಗಿ ತೆವಳಲು ಶುರುವಾದ ತಕ್ಷಣ ಎಡ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಒತ್ತಿ ನಡುವೆ ದಾರಿ ಬಿಡಬೇಕು, ಆಂಬುಲೆನ್ಸ್ ಸದ್ದು ಕೇಳುವವರೆಗೆ ಕಾಯಬಾರದು. ಬಿಡದಿದ್ದರೆ 200 ಯೂರೋ ದಂಡ, ನಿಮ್ಮ ಹೆಸರಿಗೆ ಎರಡು ತಪ್ಪಿನ ಪಾಯಿಂಟ್, ಒಂದು ತಿಂಗಳು ಓಡಿಸುವಂತಿಲ್ಲ. ಎಂಟು ಪಾಯಿಂಟ್ ಆದರೆ ಲೈಸೆನ್ಸೇ ಹೋಗುತ್ತದೆ. ಸಾಲ್ಜ್‌ಬರ್ಗ್ ಕಡೆಯ ಎ8ರಲ್ಲಿ ಮೊದಲ ಸಲ ಇದನ್ನು ನೋಡಿದಾಗ, ಕಣ್ಣು ಹಾಯುವಷ್ಟು ದೂರ ಕಾರುಗಳು ಬೈತಲೆ ತೆಗೆದ ಹಾಗೆ ಬೇರೆಯಾಗಿ ನಿಂತಿದ್ದವು, ನಡುವೆ ಆಂಬುಲೆನ್ಸ್ ಎಲ್ಲೂ ತಡೆಯದೆ ಹೋಯಿತು. ಸಿಲ್ಕ್ ಬೋರ್ಡ್‌ನಲ್ಲಿ ಸೈರನ್ ಹಾಕಿಕೊಂಡೇ ನಿಂತಿರುವ ಆಂಬುಲೆನ್ಸ್‌ಗಳು ನೆನಪಾಗಿ ಗಂಟಲು ಕಟ್ಟಿತು.

ಇದೆಲ್ಲ ಇವರ ರಕ್ತದಲ್ಲೇ ಇದೆ, ನಮ್ಮಿಂದ ಆಗುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 1970ರಲ್ಲಿ ಪೂರ್ವ, ಪಶ್ಚಿಮ ಎರಡೂ ಜರ್ಮನಿ ಸೇರಿ ರಸ್ತೆಯಲ್ಲಿ ಸತ್ತವರು 21,000ಕ್ಕೂ ಜಾಸ್ತಿ. 2023ರಲ್ಲಿ 2,839. ನಡುವೆ ಏನಾಯಿತು? ಪಶ್ಚಿಮ ಜರ್ಮನಿಯಲ್ಲಿ 1972ಕ್ಕೆ ಊರಾಚೆ ರಸ್ತೆಗಳಿಗೆ 100ರ ಮಿತಿ ಬಂತು, 1973ಕ್ಕೆ ಕುಡಿತದ ಮಿತಿ ಇಳಿಯಿತು, 1976ಕ್ಕೆ ಸೀಟ್‌ಬೆಲ್ಟ್ ಕಡ್ಡಾಯವಾಯಿತು. ಆದರೂ ಎಷ್ಟೋ ಜನ ಹಾಕುತ್ತಿರಲಿಲ್ಲ. 1984ರಲ್ಲಿ ದಂಡ ಶುರುವಾದ ಮೇಲೆ ಹಾಕಿಕೊಂಡರು. ಅಂದರೆ ಇವರೂ ದಂಡ ಕಟ್ಟಿಯೇ ಕಲಿತವರು. ಭಾರತದಲ್ಲಿ 2022ರಲ್ಲಿ ಸತ್ತವರು 1,68,491. ಜನಸಂಖ್ಯೆಯ ಲೆಕ್ಕ ಹಿಡಿದು ನೋಡಿದರೂ ಇಲ್ಲಿಗಿಂತ ಮೂರು ಪಟ್ಟಿಗೂ ಮೇಲೆ. ಅದರಲ್ಲಿ ನನ್ನ ಜೊತೆ ಓದಿದವನೊಬ್ಬನೂ ಇದ್ದಾನೆ, ಆದ್ದರಿಂದ ನನಗೆ ಇದು ಬರೀ ಅಂಕಿ ಅಲ್ಲ.

ಇನ್ನು ಕಾಗದ ಪತ್ರ. ಅಲ್ಲಿಂದ ಹೊರಡುವ ಮುಂಚೆ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ. ಇಲ್ಲಿ ವಾಸ ಶುರು ಮಾಡಿದ ದಿನದಿಂದ ಆರು ತಿಂಗಳು ಮಾತ್ರ ನಮ್ಮ ಲೈಸೆನ್ಸ್ ನಡೆಯುತ್ತದೆ. ಆಮೇಲೆ ಒಂದು ದಿನ ಓಡಿಸಿದರೂ ಅಪರಾಧ, ಬರೀ ದಂಡದ ಮಾತಲ್ಲ. ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ ಬರೆಯಬೇಕು. ಥಿಯರಿ ಇಂಗ್ಲಿಷ್‌ನಲ್ಲಿ ಸಿಗುತ್ತದೆ. ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ಒಂದು ದಿನದ ಕೋರ್ಸ್ ಕೂಡ ಇದೆ. ಬಂದ ತಿಂಗಳೇ ಅರ್ಜಿ ಹಾಕಿ. ಅನುಭವ ಇದೆ ಅಂತ ಕ್ಲಾಸ್ ತಪ್ಪಿಸಬೇಡಿ, ನಿಮ್ಮ ಹನ್ನೆರಡು ವರ್ಷದ ಅಭ್ಯಾಸ ಬಿಡಿಸುವುದಕ್ಕೇ ಕೆಲವು ಕ್ಲಾಸ್ ಬೇಕು. ಮತ್ತೆ, ನಿಲ್ಲಿಸಿದ ಕಾರಿಗೆ ನಿಮ್ಮ ಕಾರು ಸ್ವಲ್ಪ ತಗುಲಿದರೂ ಚೀಟಿ ಇಟ್ಟು ಹೋಗಬೇಡಿ. ಓಡಿಹೋದ ಹಾಗೆ ಲೆಕ್ಕ. ಸ್ವಲ್ಪ ಹೊತ್ತು ಕಾದು, ಕಾರಿನವರು ಬಾರದಿದ್ದರೆ ಪೊಲೀಸರಿಗೆ ಫೋನ್ ಮಾಡಿ.

ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ, ತಿಂಡಿ ಮುಗಿಸಿ ಹೋಗೋಣ. ಮೊದಲ ಸುತ್ತು ನಾನು ಓಡಿಸುತ್ತೇನೆ, ನೀವು ಪಕ್ಕದಲ್ಲಿ ಕೂತು ನೋಡಿ. ನಮ್ಮ ಮನೆಯಿಂದ ಮಗಳ ಶಾಲೆವರೆಗೆ ಬಲಕ್ಕೆ ಒಂಬತ್ತು ಗಲ್ಲಿಗಳಿವೆ. ಒಂದೊಂದು ಬಂದಾಗಲೂ ಬಾಯಿಬಿಟ್ಟು ಹೇಳಿ. ಐದನೆಯದಕ್ಕೆ ಆ ಗಿಡದ ಬೇಲಿ ಇನ್ನೂ ಇದೆ.