ಡೆಂಗಿಯ ನಂತರ ಮತ್ತೆ ಓಟ
ಡೆಂಗಿ ವಾಸಿಯಾಗಿ ಆರು ವಾರವಾಗಿದೆ, ಪ್ಲೇಟ್‌ಲೆಟ್ ಕೂಡ ಸರಿಯಿದೆ, ಆದರೂ 10 ಕಿ.ಮೀ. ಓಡುತ್ತಿದ್ದ ನಿಮಗೆ ಈಗ ಒಂದು ಕಿಲೋಮೀಟರಿಗೇ ಎದೆ ಬಡಿದುಕೊಳ್ಳುವುದೇಕೆ ಎಂದು ಕೇಳಿದ್ದೀರಿ. ನಿಮ್ಮ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಪ್ಲೇಟ್‌ಲೆಟ್ 1.5 ಲಕ್ಷ ದಾಟಿತೆಂದರೆ ದೇಹ ಓಟಕ್ಕೆ ಸಿದ್ಧವಾಯಿತು ಎಂದಲ್ಲ. ಹಾಸಿಗೆ ಹಿಡಿದ ದಿನಗಳಲ್ಲಿ ರಕ್ತದ ದ್ರವಾಂಶ ತಗ್ಗುತ್ತದೆ. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾದಾಗ, ಅದನ್ನು ಸರಿದೂಗಿಸಲು ಬಡಿತದ ವೇಗ ಏರುತ್ತದೆ. ಬಹುತೇಕರಲ್ಲಿ ಕಾರಣ ಇಷ್ಟೇ. ಆದರೆ ಡೆಂಗಿಯಿಂದ ಕೆಲವೊಮ್ಮೆ ಹೃದಯದ ಸ್ನಾಯುವಿನಲ್ಲಿ ಉರಿಯೂತ ಉಂಟಾಗುವುದೂ ಉಂಟು. ಆದ್ದರಿಂದ ದಯವಿಟ್ಟು ಮೊದಲು ವೈದ್ಯರನ್ನು ಕಂಡು ಇಸಿಜಿ ಮಾಡಿಸಿಕೊಳ್ಳಿ. ಎದೆನೋವು, ತಲೆಸುತ್ತು, ತಪ್ಪಿದ ಬಡಿತ, ಇವುಗಳಲ್ಲಿ ಒಂದು ಕಂಡರೂ ಓಡಲೇಬೇಡಿ.

ಟೈಫಾಯ್ಡ್ ಆದ ವರ್ಷ ನಾನು ಲಾಲ್‌ಬಾಗಿನಲ್ಲಿ ದಿನ ಬಿಟ್ಟು ದಿನ ಇಪ್ಪತ್ತೇ ನಿಮಿಷ ಕಳೆಯುತ್ತಿದ್ದೆ: ಒಂದು ನಿಮಿಷ ನಿಧಾನದ ಓಟ, ಮೂರು ನಿಮಿಷ ನಡಿಗೆ. ಓಡುವಾಗ ಒಂದು ಪೂರ್ತಿ ವಾಕ್ಯ ಆಡಲು ಆಗದಿದ್ದರೆ ವೇಗ ಹೆಚ್ಚಾಯಿತೆಂದೇ ಲೆಕ್ಕ. ನಾಲ್ಕನೆಯ ವಾರ ಉಸಿರು ಹಗುರವಾಯಿತೆಂದು ಒಮ್ಮೆಗೇ 8 ಕಿ.ಮೀ. ಓಡಿಬಿಟ್ಟೆ. ಮೊಣಕಾಲಿನ ಕೆಳಗಿನ ಮೂಳೆಯ ನೋವಿನಿಂದ ಮತ್ತೆ ಒಂದು ತಿಂಗಳು ಮನೆಯಲ್ಲೇ ಕುಳಿತೆ. ಉಸಿರು ಬೇಗ ಮರಳುತ್ತದೆ, ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನ.

ಕೈಗಡಿಯಾರದಲ್ಲಿರುವ ಹಳೆಯ ಓಟದ ದಾಖಲೆಗಳನ್ನು ಸದ್ಯಕ್ಕೆ ನೋಡಬೇಡಿ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ನಾಡಿ ಎಣಿಸಿ. ಎಂದಿಗಿಂತ ನಿಮಿಷಕ್ಕೆ ಹತ್ತು ಬಡಿತ ಹೆಚ್ಚಿದ್ದರೆ ಅಂದು ವಿಶ್ರಾಂತಿ.