ದುಂಡು ಫಾಂಟನ್ನು ಸುಮ್ನೆ ವಾಲಿಸಿದರೆ ಸಾಕಾ?

ಅಂಚು ದುಂಡಗಿರುವ ದಪ್ಪ ಫಾಂಟ್ ಕೈಯಲ್ಲಿದೆ, ಇಟಾಲಿಕ್ ಬಟನ್ ಒತ್ತಿ ವಾಲಿಸಿಕೊಂಡರೆ ಆಗಲ್ವಾ, ಓರೆಯಾಗಿಯೇ ಬರೆದ ಫಾಂಟ್ ಯಾಕೆ ಬೇಕು, ಅದನ್ನು ಎಲ್ಲಿ ಬಳಸಬೇಕು ಅಂತ ಕೇಳಿದ್ದೀರಿ. ಬಟನ್ ಒತ್ತಿದರೆ ಸಾಲದು. ಚಿಕ್ಕ ಅಳತೆಯಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ ನಿಜ. ಆದರೆ ಈ ಬಗೆಯ ಅಕ್ಷರ ಇರುವುದೇ ದೊಡ್ಡದಾಗಿ ಕಾಣುವುದಕ್ಕೆ.

ಮೊದಲ ಸಲ ಇಂಥ ಫಾಂಟ್ ಮಾಡುವಾಗ ನಾನೂ ಹಾಗೇ ಮಾಡಿದ್ದೆ. ನೆಟ್ಟಗಿದ್ದ ಅಕ್ಷರಗಳನ್ನೆಲ್ಲ ಒಂದೇ ಏಟಿಗೆ 14 ಡಿಗ್ರಿ ವಾಲಿಸಿದೆ. ಆಮೇಲೆ ಇಂಗ್ಲಿಷಿನ ‘ಓ’ ಒಂದನ್ನೇ ಅಂಗೈಯಗಲ ಪ್ರಿಂಟ್ ತೆಗೆದು ನೋಡಿದೆ. ಮೇಲೆ ಬಲಗಡೆ, ಕೆಳಗೆ ಎಡಗಡೆ ಗೆರೆ ಊದಿಕೊಂಡಿತ್ತು. ಮಿಕ್ಕ ಎರಡು ಕಡೆ ಸೊರಗಿತ್ತು. ‘ಐ’ಯ ದುಂಡು ತುದಿ ಒಂದು ಪಕ್ಕಕ್ಕೆ ಜಾರಿದ ಹಾಗಿತ್ತು. ವಾಲಿಸಿದಾಗ ವೃತ್ತ ಮೂಲೆಯಿಂದ ಮೂಲೆಗೆ ಹಿಗ್ಗುತ್ತದೆ, ಅದರ ಜೊತೆ ಗೆರೆಯೂ ಹಿಗ್ಗುತ್ತದೆ. ಗೆರೆ ದಪ್ಪ ಇದ್ದಷ್ಟೂ ಇದು ಜಾಸ್ತಿ ಎದ್ದು ಕಾಣುತ್ತದೆ.

ಈಗ ನಾನು ಅಕ್ಷರದ ನಡುಗೆರೆಯನ್ನು ಮಾತ್ರ ಮೊದಲು ಎಳೆಯುತ್ತೇನೆ. ಅದನ್ನು ವಾಲಿಸಿ, ಆಮೇಲೆ ದಪ್ಪ ಕೊಡುತ್ತೇನೆ. ಆಗ ತುದಿಗಳು ಸರಿಯಾದ ಅರ್ಧವೃತ್ತವಾಗೇ ಉಳಿಯುತ್ತವೆ. ಗೆರೆಗಳು ಕೂಡುವ ಕಡೆ ಕಪ್ಪು ಗಂಟು ಕಟ್ಟುತ್ತದೆ, ಅಲ್ಲಿ ಮಾತ್ರ ಕೈಯಾರೆ ತೆಳು ಮಾಡಲೇಬೇಕು.

ಕನ್ನಡ ಅಕ್ಷರಕ್ಕಾದರೆ ಇನ್ನೂ ಎಚ್ಚರ ಬೇಕು. ‘ಣ’, ‘ಈ’ ಇವುಗಳ ಸುರುಳಿಯೊಳಗಿನ ಜಾಗ ದಪ್ಪ ಮಾಡಿದಷ್ಟೂ ಮುಚ್ಚಿಹೋಗುತ್ತದೆ. ಬಲಕ್ಕೆ ವಾಲಿಸಿದರೆ ಅಕ್ಷರಗಳು ಕೂರುವ ಅಡಿಗೆರೆಯ ಕೆಳಗಿರುವುದೆಲ್ಲ ಎಡಕ್ಕೆ ಸರಿಯುತ್ತದೆ ಅಲ್ವಾ? ಹಾಗಾಗಿ ಒತ್ತಕ್ಷರ ಹೋಗಿ ಮೇಲಿನ ಅಕ್ಷರದ ಅಡಿಗೆ ನುಗ್ಗಿಬಿಡುತ್ತದೆ. ಒಂದೊಂದು ಒತ್ತನ್ನೂ ಹಿಡಿದು ಬಲಕ್ಕೆ ತಂದು ಕೂರಿಸಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಓದುವವರು ಎಡವುತ್ತಾರೆ.

ದುಂಡುತನದಲ್ಲೂ ಬಗೆಗಳಿವೆ. 1922ರ ಕೂಪರ್ ಬ್ಲ್ಯಾಕ್ ಅನ್ನುವ ಫಾಂಟಿನಲ್ಲಿ ಅಕ್ಷರದ ಪಾದಗಳೇ ಕರಗಿದ ಬೆಣ್ಣೆಯ ಹಾಗೆ ಮೆತ್ತಗಿವೆ. 1979ರಲ್ಲಿ ಫೋಕ್ಸ್‌ವ್ಯಾಗನ್‌ಗೆಂದು ಮಾಡಿದ ವ್ಯಾಗ್ ರೌಂಡೆಡ್ ಫಾಂಟಿನಲ್ಲಿ ಗೆರೆ ಕೊಳವೆಯ ಹಾಗೆ, ತುದಿ ಮಾತ್ರ ದುಂಡು. ಓರೆ ಮಾಡಲು ನನಗೆ ಎರಡನೇ ಬಗೆಯೇ ಇಷ್ಟ, ಓಟ ಚೆನ್ನಾಗಿ ಬರುತ್ತದೆ.

ಬಳಕೆಗೆ ಬಂದರೆ, ಆಟಿಕೆ, ಐಸ್‌ಕ್ರೀಮ್, ಆಟಗಾರರ ಜರ್ಸಿ, ವಿಡಿಯೋ ಗೇಮಿನ ಹೆಸರು, ಇಂಥ ಕಡೆ ಹೇಳಿ ಮಾಡಿಸಿದ ಹಾಗಿರುತ್ತದೆ. ಓರೆಯಿಂದ ವೇಗ, ದುಂಡಿನಿಂದ ಸಲಿಗೆ. ಮೆಷಿನ್‌ನಲ್ಲಿ ಕೊರೆದು ಮಾಡುವ ಬೋರ್ಡಿಗೂ ಒಳ್ಳೆಯದು. ಮೆಷಿನ್ನಿನ ತಿರುಗುವ ಬಿಟ್ (ಕೊರೆಯುವ ತುದಿ) ಒಳಮೂಲೆಯನ್ನು ಹೇಗೂ ಚೂಪಾಗಿ ಕತ್ತರಿಸಲಾರದು. ಎರಡು ಮೂರು ಪದಕ್ಕಿಂತ ಜಾಸ್ತಿ ಬರೆಯಬೇಡಿ. ಪ್ಯಾರಾಗಳಿಗೆ, ಔಷಧಿ ಚೀಟಿಗೆ, ಸಂತಾಪದ ಮಾತಿಗೆ ಖಂಡಿತ ಬೇಡ.

ಕೊಳ್ಳುವ ಮುಂಚೆ ‘ಓ’, ‘ಎಸ್’ ಎರಡನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿ ನೋಡಿ. ಮೇಲಿನ ಬಲಮೂಲೆ ಊದಿದ್ದರೆ ಅದು ಬಟನ್ ಒತ್ತಿ ಮಾಡಿದ ಫಾಂಟ್.